ಸಾಸಿವೆ ಡಬ್ಬಿಯ ಮುಚ್ಚಳ

ಗೌರಸಮುದ್ರ ಎಂದರೆ ಹೊರಗಿನವರಿಗೆ ನೆನಪಾಗುವುದು ಮಾರಮ್ಮನ ಜಾತ್ರೆ. ಜಾತ್ರೆಯ ದಿನಗಳಲ್ಲಿ ಚಳ್ಳಕೆರೆ ತಾಲೂಕಿನ ಈ ಊರಿಗೆ ಕರ್ನಾಟಕದಿಂದಲೂ ಆಂಧ್ರದಿಂದಲೂ ಜನ ಬಂದು ಸೇರುತ್ತಾರೆ. ಉಳಿದ ದಿನಗಳಲ್ಲಿ ಅದು ಶೇಂಗಾ ಬಿತ್ತಿ, ಕುರಿ ಮೇಯಿಸಿ, ಮೋಡದ ಕಡೆ ಕಣ್ಣಿಟ್ಟು ಕೂರುವ ಬಯಲುಸೀಮೆಯ ಹಳ್ಳಿ. ಅಂಗಡಿ ಮುಂದೆ ನಿಂತರೆ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುತ್ತವೆ. ನಮ್ಮ ಅಕ್ಕನನ್ನು ಆ ಕಡೆಗೆ ಕೊಟ್ಟಿದ್ದರಿಂದ ಅದಕ್ಕೆ ನಮ್ಮ ಮನೆಯ ಉರ್ದುವೂ ಸೇರಿಕೊಂಡಿತು. ಒಬ್ಬರೇ ಇದ್ದರೂ ‘ನಾವು’ ಎಂದು ಹೇಳಿಕೊಳ್ಳುವುದು ಉರ್ದು ಶಾಲೆಯ ಮೇಷ್ಟ್ರು ಕಲಿಸಿದ ಅಭ್ಯಾಸ. ಕನ್ನಡದಲ್ಲಿ ಬರೆಯುವಾಗಲೂ ಅದನ್ನು ಬಿಡಲಾಗಲಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ರಸ್ತೆ ಬದಿಯಲ್ಲಿ ಒಂದು ಕೋಣೆ ಹಿಡಿದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡ. ಪಹಣಿ, ಜಾತಿ ಪ್ರಮಾಣಪತ್ರ, ಹಾಸ್ಟೆಲ್ ಅರ್ಜಿ, ಪಿಂಚಣಿಯ ವಿಚಾರಣೆ ಎಲ್ಲಕ್ಕೂ ಜನ ಅಲ್ಲಿಗೆ ಬರುತ್ತಾರೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗಲಂತೂ ಹೆಂಗಸರು ಆಧಾರ್ ಕಾರ್ಡು ಹಿಡಿದು ಬೆಳಗಿನಿಂದಲೇ ಸಾಲು ನಿಂತಿದ್ದರಂತೆ. ‘ಸರ್ವರ್ ಇಲ್ಲ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಈಗ ‘ಕರೆಂಟ್ ಇಲ್ಲ’ ಎಂಬಷ್ಟೇ ಹಳೆಯ ಮಾತಾಗಿದೆ.

ಆ ಸೀಮೆಯ ಹೆಂಗಸರ ಒಂದು ಸ್ವಸಹಾಯ ಸಂಘದವರು ಇವನ ಹತ್ತಿರ ಬಂದರು. ಹನ್ನೆರಡು ಜನರ ಸಂಘ, ವಾರಕ್ಕಿಷ್ಟು ಎಂದು ಉಳಿತಾಯ. ಕೈಲಾದವರು ಅದರ ಜೊತೆಗೆ ಬೇರೆಯಾಗಿ ಸ್ವಂತದ ಹಣವನ್ನೂ ಕಟ್ಟುತ್ತಾರೆ. ಲೆಕ್ಕವೆಲ್ಲ ಒಂದು ಉದ್ದನೆಯ ಪುಸ್ತಕದಲ್ಲಿತ್ತು. ಪುಸ್ತಕ ಬರೆಯುವ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಮಳೆಗಾಲದಲ್ಲಿ ಪುಸ್ತಕ ಒಂದು ಸಲ ನೆನೆಯಿತು. “ಇದನ್ನ ನಿನ್ನ ಕಂಪ್ಯೂಟ್ರಿಗೆ ಹಾಕ್ಕೊಡಪ್ಪ, ನಾವೇ ಬಂದು ನೋಡ್ಕೊಂಡು ಹೋಗೋ ಹಂಗೆ ಮಾಡು” ಎಂದರು. ಅವನು ಅಂತರ್ಜಾಲದಲ್ಲಿ ತೆರೆಯುವಂಥ ಒಂದು ಸಣ್ಣ ಲೆಕ್ಕದ ವ್ಯವಸ್ಥೆ ಮಾಡಿಕೊಟ್ಟ. ಪ್ರತಿಯೊಬ್ಬರಿಗೂ ಒಂದು ಸದಸ್ಯ ಸಂಖ್ಯೆ, ಒಂದು ಪಾಸ್‌ವರ್ಡ್. ಒಳಗೆ ಹೋದರೆ ಅವರವರ ಲೆಕ್ಕ ಮಾತ್ರ ಕಾಣಬೇಕು, ಕೆಲಸ ಮುಗಿದ ಮೇಲೆ ‘ಹೊರಗೆ’ ಎಂಬ ಗುಂಡಿ ಒತ್ತಿ ಬರಬೇಕು. ಕೂಲಿ ಕೇಳಲಿಲ್ಲ. ಪ್ರತಿ ಮನೆಯಿಂದ ಒಂದೊಂದು ಸೇರು ಶೇಂಗಾ ಬಂತು.

ಮೊದಲ ತಿಂಗಳಲ್ಲೇ ಎರಡು ದೂರುಗಳು ಬಂದವು. ಮೊದಲನೆಯದು ಕಿರಿಕಿರಿಯದು: ಕೆಲವರು ಸಂಖ್ಯೆ, ಪಾಸ್‌ವರ್ಡ್ ಎಲ್ಲ ಸರಿಯಾಗಿಯೇ ಹಾಕಿದರೂ ಒಳಗೆ ಬಿಡದೆ ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತಿತ್ತು. ಎರಡನೆಯದು ಕಿರಿಕಿರಿಯದಲ್ಲ.

ಸಂಘದ ಒಬ್ಬ ಅಕ್ಕ ಆ ಕೋಣೆಯಲ್ಲೇ ಕೂತು ತನ್ನ ಲೆಕ್ಕ ನೋಡಿಕೊಂಡರು. ಹೇಳಿಕೊಟ್ಟ ಹಾಗೆ ‘ಹೊರಗೆ’ ಒತ್ತಿದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಅದೇ ಕುರ್ಚಿಗೆ ಬಂದು ಕೂತವನು ಅವರ ನಾದಿನಿಯ ಮಗ, ಒಂಬತ್ತನೇ ಕ್ಲಾಸಿನ ಹುಡುಗ. ಹಾಸ್ಟೆಲ್ ಅರ್ಜಿ ಏನಾಯಿತು ಎಂದು ನೋಡಲು ಬಂದಿದ್ದ. ಪರದೆಯ ಮೇಲ್ತುದಿಯ ಹಿಂದಕ್ಕೆ ಹೋಗುವ ಬಾಣವನ್ನು ಒಂದೆರಡು ಸಲ ಒತ್ತಿದ. ಅತ್ತೆಯ ಹೆಸರು ಬಂತು, ಹೆಸರಿನ ಮುಂದೆ ಸ್ವಂತ ಉಳಿತಾಯ 18,400 ರೂಪಾಯಿ ಎಂದು ಬಂತು. ಹುಡುಗ ಕೆಟ್ಟವನಲ್ಲ. ಸಂಭ್ರಮದಿಂದಲೇ ಮನೆಗೆ ಹೋಗಿ, “ಅತ್ತೆ ಹತ್ರ ಎಷ್ಟೊಂದು ದುಡ್ಡೈತೆ ಗೊತ್ತಾ?” ಎಂದ. ರಾತ್ರಿ ಊಟದ ಹೊತ್ತಿಗೆ ಆ ಅಕ್ಕನ ಗಂಡನಿಗೆ ಗೊತ್ತಾಯಿತು. ಕೊಳವೆಬಾವಿಯ ಮೋಟಾರು ಸುಟ್ಟು ಹದಿನೈದು ದಿನವಾಗಿತ್ತು. ಮನೆಯಲ್ಲಿ ಹಣವಿಲ್ಲವೆಂದು ಆತ ಬಡ್ಡಿಗೆ ಸಾಲ ಕೇಳಿ ಬಂದಿದ್ದ.

ಆ ಹಣ ಮಗಳದು. ಪಿ.ಯು. ಎರಡನೇ ವರ್ಷದಲ್ಲಿರುವ ಮಗಳನ್ನು ನರ್ಸಿಂಗ್ ಓದಿಸಬೇಕೆಂದು ನಾಲ್ಕು ವರ್ಷದಿಂದ ಕೂಲಿ ದುಡ್ಡಿನಲ್ಲಿ ತೆಗೆದು ತೆಗೆದು ಇಟ್ಟದ್ದು. ಸಂಘದ ಹನ್ನೊಂದು ಜನ ಹೆಂಗಸರಿಗೂ ಅದು ಗೊತ್ತಿತ್ತು. ಹನ್ನೊಂದು ಬಾಯಿಗಳಲ್ಲಿ ಒಂದೂ ತೆರೆದಿರಲಿಲ್ಲ.

ನಮ್ಮ ಹೆಂಗಸರ ಈ ಗುಟ್ಟಿನ ಉಳಿತಾಯಕ್ಕೆ ದೊಡ್ಡ ಚರಿತ್ರೆಯಿದೆ. ಸಾಸಿವೆ ಡಬ್ಬಿ, ಅಕ್ಕಿ ಗಡಿಗೆ, ಟ್ರಂಕಿನಲ್ಲಿ ಮಡಿಸಿಟ್ಟ ಮದುವೆ ಸೀರೆ ಎಲ್ಲವೂ ಬ್ಯಾಂಕುಗಳೇ. ನಮ್ಮ ಅಮ್ಮಿ ತಮ್ಮ ನೋಟುಗಳನ್ನು ಹಳೆಯ ದಿಂಬಿನ ಗವಸಿನೊಳಗೆ ಹೊಲಿದಿಡುತ್ತಿದ್ದರು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು ಎಂದು ಘೋಷಣೆಯಾದಾಗ ಈ ಬ್ಯಾಂಕುಗಳೆಲ್ಲ ಒಂದೇ ಸಲ ಬಾಗಿಲು ತೆರೆಯಬೇಕಾಯಿತು. ಬದಲಾಯಿಸಿ ತರಲು ಗಂಡನ ಕೈಗೋ ಮಗನ ಕೈಗೋ ಕೊಡಲೇಬೇಕು. ಕೊಟ್ಟರೆ ಎಷ್ಟಿತ್ತು, ಏಕಿತ್ತು ಎಂದು ಹೇಳಲೇಬೇಕು. ಆ ವಾರ ಎಷ್ಟೋ ಮನೆಗಳಲ್ಲಿ ನಗುತ್ತಲೇ ಒಂದು ಕಸಿದುಕೊಳ್ಳುವಿಕೆ ನಡೆಯಿತು. ಅದಾದ ಮೇಲೆ ಹೆಂಗಸರು ಡಬ್ಬಿಯನ್ನು ನಂಬುವುದು ಕಡಿಮೆ ಮಾಡಿ ಸಂಘವನ್ನು ನಂಬಿದರು. ಈಗ ಸಂಘವು ಕಂಪ್ಯೂಟರನ್ನು ನಂಬಿತ್ತು.

ನಾವು ಅಕ್ಕನ ಮನೆಗೆ ಹೋದದ್ದು ಈ ಗಲಾಟೆಯ ಮೂರನೆಯ ದಿನ. ಹುಡುಗ ಊಟ ಬಿಟ್ಟಿದ್ದ. “ಖಾಲಾ, ನೀವು ಮಲಗಿ, ನನಗೆ ಕೆಲಸ ಇದೆ” ಎಂದ. ನಾವು ಮಲಗಲಿಲ್ಲ, ಎರಡು ರಾತ್ರಿ ಅವನ ಪಕ್ಕದಲ್ಲೇ ಕೂತೆವು. ಕಂಪ್ಯೂಟರಿನವರು ತಪ್ಪನ್ನು ‘ಬಗ್’ ಎನ್ನುತ್ತಾರೆ, ಹುಳ. 1947ರಲ್ಲಿ ಹಾರ್ವರ್ಡ್‌ನವರ ಒಂದು ದೊಡ್ಡ ಯಂತ್ರದೊಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಹಾಕಿಕೊಂಡಿತ್ತು, ಅದನ್ನು ಕೆಲಸದ ದಾಖಲೆ ಪುಸ್ತಕಕ್ಕೆ ಅಂಟಿಸಿಟ್ಟಿದ್ದರು. ಆದರೆ ಆ ಪದ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಹುಳದ ವಿಷಯ ಶೇಂಗಾ ಬೆಳೆಯುವವರಿಗೆ ಹೇಳಿಕೊಡಬೇಕಾಗಿಲ್ಲ. ಔಷಧಿ ಹೊಡೆಯುವ ಮೊದಲು ಎಲೆ ತಿರುಗಿಸಿ ನೋಡಬೇಕು. ಯಾವ ಹುಳ, ಎಲ್ಲಿ ಮೊಟ್ಟೆಯಿಟ್ಟಿದೆ ಎಂದು ತಿಳಿಯದೆ ಹೊಡೆದರೆ ದುಡ್ಡೂ ದಂಡ, ಬೆಳೆಯೂ ದಂಡ.

ಅವನು ನಮಗೆ ಮೊದಲು ಹೇಳಿದ್ದು ಒಂದು ವಿಚಿತ್ರ ಸಂಗತಿ. ಅಂತರ್ಜಾಲದ ಪುಟಗಳಿಗೆ ನೆನಪೆಂಬುದೇ ಇಲ್ಲವಂತೆ. ನಾವು ಒಂದು ಪುಟ ಕೇಳುತ್ತೇವೆ, ದೂರದ ಸರ್ವರ್ ಕೊಡುತ್ತದೆ, ಕೊಟ್ಟ ಮರುಕ್ಷಣ ಮರೆಯುತ್ತದೆ. ಎರಡನೆಯ ಪುಟ ಕೇಳಿದಾಗ ‘ನೀವು ಯಾರು?’ ಎಂದೇ ಮತ್ತೆ ಶುರು. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯಲ್ಲಿದ್ದ ಲೂ ಮೊಂಟುಲಿ ಎಂಬ ತರುಣ ಒಂದು ಉಪಾಯ ಮಾಡಿದ. ಅದರ ಹೆಸರು ಕುಕಿ. ಜಾತ್ರೆಯಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಪಾಸ್‌ವರ್ಡ್ ಸರಿಯಾಗಿದ್ದರೆ ಸರ್ವರ್ ಒಂದು ಟೋಕನ್ ಬರೆದು ನಮ್ಮ ಬ್ರೌಸರಿಗೆ ಕೊಡುತ್ತದೆ. ತನ್ನ ಪುಸ್ತಕದಲ್ಲೂ ‘ಈ ನಂಬರಿನ ಟೋಕನ್ ಇಂಥವರದು’ ಎಂದು ಬರೆದುಕೊಳ್ಳುತ್ತದೆ. ಆಮೇಲೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಆ ಟೋಕನನ್ನು ತೋರಿಸುತ್ತದೆ. ಲಾಗಿನ್ ಎಂದರೆ ಟೋಕನ್ ಪಡೆಯುವುದು. ಲಾಗೌಟ್ ಎಂದರೆ ಟೋಕನ್ ರದ್ದು ಮಾಡುವುದು.

“ಹಾಗಾದರೆ ತಪ್ಪು ಟೋಕನಿನಲ್ಲೇ ಇರಬೇಕು” ಎಂದೆವು. “ಇರಬೇಕು ಅನ್ನೋದು ಬೇಡ ಖಾಲಾ, ನೋಡೋಣ” ಎಂದ. ಅವನು ಮಾಡಿದ್ದು ಇಷ್ಟೇ: ತಪ್ಪು ತನ್ನ ಕಣ್ಣೆದುರಿಗೆ ಮತ್ತೆ ಮತ್ತೆ ಆಗುವ ಹಾಗೆ ಮಾಡಿಕೊಂಡ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿದ. ಪ್ರತಿ ಸಲವೂ ಟೋಕನ್ ಕೊಟ್ಟರೇ, ಹೋಯಿತೇ, ತೋರಿಸಿತೇ ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡ. ಊಹೆ ಮಾಡಿ ಕಥೆ ಕಟ್ಟುವ ನಮ್ಮಂಥವರಿಗೆ ಆ ಹಾಳೆ ಒಂದು ಪಾಠದ ಹಾಗಿತ್ತು.

ಮೊದಲ ದೂರಿನ ಮೂಲ ಆ ರಾತ್ರಿ ಹನ್ನೊಂದಕ್ಕೆ ಸಿಕ್ಕಿತು. ಕೆಲವರು ಆ ತಾಣದ ವಿಳಾಸವನ್ನು ಮುಂದೆ ಮೂರು ಡಬ್ಲ್ಯು ಹಾಕಿ ತೆರೆಯುತ್ತಿದ್ದರು, ಕೆಲವರು ಹಾಕದೆ. ನಮ್ಮ ಕಣ್ಣಿಗೆ ಎರಡೂ ಒಂದೇ ಮನೆ. ಬ್ರೌಸರಿನ ಕಣ್ಣಿಗೆ ಬೇರೆ ಬೇರೆ ಬಾಗಿಲು. ಡಬ್ಲ್ಯು ಇಲ್ಲದ ಬಾಗಿಲಲ್ಲಿ ಪಡೆದ ಟೋಕನನ್ನು ಅದು ಡಬ್ಲ್ಯು ಇರುವ ಬಾಗಿಲಲ್ಲಿ ತೋರಿಸುವುದಿಲ್ಲ. ಆದರೆ ಲಾಗಿನ್ ಆದ ಕೂಡಲೇ ಎಲ್ಲರನ್ನೂ ಡಬ್ಲ್ಯು ಇರುವ ವಿಳಾಸಕ್ಕೇ ಕಳಿಸುವಂತೆ ಹುಡುಗ ಬರೆದಿದ್ದ. ಹೀಗಾಗಿ ಇಲ್ಲಿ ಟೋಕನ್ ಪಡೆದವರು ಅಲ್ಲಿ ಬರಿಗೈಯಲ್ಲಿ ನಿಂತು, ‘ಯಾರು ನೀವು?’ ಎನ್ನಿಸಿಕೊಂಡು ಮತ್ತೆ ಬಾಗಿಲಿಗೆ ಬರುತ್ತಿದ್ದರು. ಎಲ್ಲರಿಗೂ ಆಗದೆ ಕೆಲವರಿಗೆ ಮಾತ್ರ ಆಗುತ್ತಿದ್ದುದರ ಕಾರಣ ಇದೇ. ಯಾರು ಹೇಗೆ ತೆರೆದರೂ ಒಂದೇ ವಿಳಾಸಕ್ಕೆ ತಂದು, ಆಮೇಲೆ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದ. ಒಂದು ಹುಳ ಸತ್ತಿತು.

ಎರಡನೆಯದು ಒಂದು ಹುಳವಾಗಿರಲಿಲ್ಲ, ಎರಡಾಗಿತ್ತು. ಅವನು ತಾನೇ ಒಂದು ಪರೀಕ್ಷೆಯ ಖಾತೆ ತೆರೆದು ಒಳಗೆ ಹೋದ, ‘ಹೊರಗೆ’ ಒತ್ತಿದ, ಹಿಂದಿನ ಬಾಣ ಒತ್ತಿದ. ಲೆಕ್ಕದ ಪುಟ ಹಾಗೇ ಬಂತು. ಆಮೇಲೆ ಇಂಟರ್‌ನೆಟ್ಟಿನ ವೈರನ್ನೇ ಕಿತ್ತು ಅದೇ ಬಾಣ ಒತ್ತಿದ. ಆಗಲೂ ಬಂತು! ವೈರಿಲ್ಲದೆ ಬರುತ್ತದೆ ಎಂದ ಮೇಲೆ ಅದನ್ನು ಸರ್ವರ್ ಕೊಡುತ್ತಿಲ್ಲ ಎಂದಾಯಿತು. ಬ್ರೌಸರ್ ಕೆಲಸ ಬೇಗ ಆಗಲಿ ಎಂದು ನೋಡಿದ ಪುಟದ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ. ಹಿಂದಕ್ಕೆ ಎಂದರೆ ಆ ಪ್ರತಿಯನ್ನೇ ತೋರಿಸುತ್ತದೆ. ಒಬ್ಬರದೇ ಫೋನಿನಲ್ಲಿ ಅದು ಅನುಕೂಲ. ಊರಿಗೆಲ್ಲ ಒಂದೇ ಕಂಪ್ಯೂಟರ್ ಇರುವಲ್ಲಿ ಅದು ಪರರ ಕಾಗದ ಓದಿದ ಹಾಗೆ. ಈ ಪುಟವನ್ನು ಎಲ್ಲಿಯೂ ಕೂಡಿಡಬೇಡ ಎಂಬ ಒಂದು ಸಾಲಿನ ಆಜ್ಞೆಯನ್ನು ಪ್ರತಿ ಪುಟದ ಜೊತೆ ಸರ್ವರ್ ಕಳಿಸಬೇಕು. ಆ ಸಾಲು ಇರಲಿಲ್ಲ, ಸೇರಿಸಿದ.

ಇಲ್ಲಿಗೆ ಮುಗಿಸಬಹುದಿತ್ತು. ದೂರು ಬಂದದ್ದು ಬಾಣದ ಬಗ್ಗೆ, ಬಾಣದ ಕೆಲಸ ನಿಂತಿತು. ಅವನು ಮುಗಿಸಲಿಲ್ಲ. ಒಳಗೆ ಹೋಗಿ ತನಗೆ ಸಿಕ್ಕ ಟೋಕನಿನ ಉದ್ದನೆಯ ಸಂಖ್ಯೆಯನ್ನು ಬೇರೆ ಕಡೆ ಬರೆದಿಟ್ಟುಕೊಂಡ. ‘ಹೊರಗೆ’ ಒತ್ತಿದ. ಬ್ರೌಸರಿನಲ್ಲಿ ಟೋಕನ್ ಅಳಿಸಿಹೋಯಿತು. ಬರೆದಿಟ್ಟದ್ದನ್ನು ಮತ್ತೆ ಕೈಯಿಂದ ಒಳಗೆ ಸೇರಿಸಿ ಲೆಕ್ಕದ ಪುಟ ಕೇಳಿದ. ಸರ್ವರ್ ‘ಬನ್ನಿ’ ಎಂದು ಬಾಗಿಲು ತೆರೆಯಿತು. ‘ಹೊರಗೆ’ ಗುಂಡಿಯು ಗಿರಾಕಿಯ ಕೈಯಲ್ಲಿದ್ದ ಟೋಕನನ್ನು ಹರಿದು ಹಾಕುತ್ತಿತ್ತೇ ಹೊರತು, ಸರ್ವರಿನ ಪುಸ್ತಕದಲ್ಲಿದ್ದ ನಂಬರಿನ ಮೇಲೆ ಗೆರೆ ಎಳೆಯುತ್ತಿರಲಿಲ್ಲ. ಅದೇ ನಂಬರನ್ನು ಯಾರಾದರೂ ನಕಲು ಮಾಡಿಕೊಂಡಿದ್ದರೆ, ಆ ಅಕ್ಕ ಮನೆ ಸೇರಿ ಮಲಗಿದ ಮೇಲೂ ಅವರ ಹೆಸರಿನಲ್ಲಿ ಒಳಗೆ ಓಡಾಡಬಹುದಿತ್ತು. ಹುಡುಗನ ಮುಖ ಬೆವೆತಿತು. ಮೊದಲು ಪುಸ್ತಕದಲ್ಲಿ ಗೆರೆ, ಆಮೇಲೆ ಕೈಯ ಟೋಕನ್ ರದ್ದು ಎಂದು ತಿದ್ದಿದ. ಪ್ರತಿ ಲಾಗಿನ್ನಿಗೂ ಹಳೆಯದನ್ನು ಎಸೆದು ಹೊಸ ನಂಬರೇ ಕೊಡಬೇಕು ಎಂಬುದನ್ನೂ ಸೇರಿಸಿದ.

ಕನ್ನಡದಲ್ಲಿ ಯಾರೂ ‘ಹೋಗ್ತೀನಿ’ ಎಂದು ಹೇಳಿ ಮನೆ ಬಿಡುವುದಿಲ್ಲ. ಹಾಗೆ ಹೇಳುವುದು ಅಪಶಕುನ. ‘ಹೋಗಿ ಬರ್ತೀನಿ’ ಎನ್ನಬೇಕು. ಉರ್ದುವಿನಲ್ಲಿ ಬರುವಾಗಲೂ ‘ಇಜಾಜತ್ ಹೈ?’ ಎಂದು ಕೇಳಬೇಕು, ಹೊರಡುವಾಗಲೂ ‘ಅಬ್ ಇಜಾಜತ್ ದೀಜಿಯೆ’ ಎನ್ನಬೇಕು. ಎರಡು ಭಾಷೆಗಳೂ ನಮಗೆ ಕಲಿಸಿದ್ದು ಬಾಗಿಲನ್ನು ಪೂರ್ತಿ ಮುಚ್ಚದೆ ಹೊರಡುವ ಸೌಜನ್ಯ. ಮನುಷ್ಯರ ಮನೆಗೆ ಅದು ಸರಿ. ಆದರೆ ಹತ್ತು ಜನ ಕೂರುವ ಕುರ್ಚಿಯ ಮುಂದಿನ ಯಂತ್ರದ ಹತ್ತಿರ ಒಬ್ಬ ಹೆಂಗಸು ‘ಹೊರಗೆ’ ಎಂದಾಗ ಅದಕ್ಕೆ ‘ಹೋದೆ’ ಎಂದೇ ಅರ್ಥವಾಗಬೇಕು.

ಪಾಸ್‌ವರ್ಡ್ ಎಂಬುದು ಕಂಪ್ಯೂಟರಿಗೆ ಬಂದದ್ದೇ ಹಂಚಿಕೊಂಡು ಬಳಸುವ ತಾಪತ್ರಯದಿಂದ. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರಲ್ಲಿ ಒಂದೇ ಯಂತ್ರವನ್ನು ಅನೇಕರು ಒಟ್ಟಿಗೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಡತ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಅದರಲ್ಲಿ ಪಾಸ್‌ವರ್ಡ್ ಇಟ್ಟರು. 1966ರಲ್ಲಿ ಅಲ್ಲೇ ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆ ಬರಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಬಂದವರೆಲ್ಲರ ಕಣ್ಣಿಗೂ ಬಿದ್ದವು. ನಮ್ಮ ಕರ್ನಾಟಕದಲ್ಲಿ 2001ರ ಹೊತ್ತಿಗೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯಲ್ಲಿ ಲಾಗಿನ್ನಿಗೆ ಅಧಿಕಾರಿಯ ಬೆರಳಚ್ಚನ್ನೇ ಬಳಸಿದರು. ಖಾತೆ ಬದಲಾಯಿಸಿದವರು ನಾಳೆ ‘ನಾನಲ್ಲ’ ಎನ್ನಬಾರದು ಎಂಬುದು ಅದರ ಉದ್ದೇಶ. ಅಧಿಕಾರದಲ್ಲಿರುವವರಿಗೆ ಲಾಗಿನ್ ಎಂದರೆ ಹೊಣೆ. ಹದಿನೆಂಟು ಸಾವಿರ ಕೂಡಿಟ್ಟ ಕೂಲಿ ಹೆಣ್ಣುಮಗಳಿಗೆ ಅದೇ ಲಾಗಿನ್ ಒಂದು ಮರೆ. ಬಾಗಿಲು ಒಂದೇ ಆದರೂ ಇಬ್ಬರಿಗೂ ಅದರಿಂದ ಬೇಕಾದದ್ದು ಬೇರೆ.

ಖಾಸಗಿತನ ಎಂಬ ಪದ ಪತ್ರಿಕೆಗಳಲ್ಲಿ ಬಂದಾಗ ಅದು ದೊಡ್ಡ ಊರಿನ, ದೊಡ್ಡ ಮನುಷ್ಯರ ಸಂಗತಿ ಎಂದು ನಮಗೆ ಅನ್ನಿಸುವುದುಂಟು. ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗಲೇ ಅವರಿಗೆ ಎಂಬತ್ತು ದಾಟಿತ್ತು, 2024ರಲ್ಲಿ ತೀರಿಕೊಂಡರು. ಆ ತೀರ್ಪಿನ ಹೆಸರನ್ನು ಸಂಘದ ಹೆಂಗಸರು ಯಾರೂ ಕೇಳಿಲ್ಲ. ಹನ್ನೊಂದು ಜನ ಬಾಯಿ ಮುಚ್ಚಿಕೊಂಡಿದ್ದದ್ದೇ ಅವರ ಮಟ್ಟಿನ ತೀರ್ಪು.

ಸಂಘದ ಸಭೆಗೆ ನಾವೂ ಹೋದೆವು. ಪುಸ್ತಕವೇ ವಾಸಿ, ಹಳೆಯದಕ್ಕೇ ಹೋಗೋಣ ಎಂದು ಇಬ್ಬರು ಹೇಳಿದರು. ಹುಡುಗ ತಪ್ಪೇನಾಗಿತ್ತೆಂದು ಟೋಕನಿನ ಲೆಕ್ಕದಲ್ಲಿ ವಿವರಿಸಿದ. “ನಂದೇ ತಪ್ಪು ಅಕ್ಕಾ, ಪುಸ್ತಕದಾಗೆ ಗೆರೆ ಎಳೆಯೋದು ಬಿಟ್ಟಿದ್ದೆ” ಎಂದ. ಯಾರೂ ಅವನನ್ನು ಬೈಯಲಿಲ್ಲ. ಲೆಕ್ಕ ನೋಡುತ್ತ ಮೂರು ನಿಮಿಷ ಸುಮ್ಮನಿದ್ದರೆ ತಾನೇ ಹೊರಗೆ ಹಾಕುವಂತೆ ಮಾಡಿದ್ದೇನೆ ಎಂದಾಗ ಮಾತ್ರ ಒಬ್ಬ ಹಿರಿಯ ಹೆಂಗಸು ತಕರಾರು ತೆಗೆದರು: “ಮೂರು ನಿಮಿಷಕ್ಕೆ ನಾನು ಚಸ್ಮಾ ಹುಡುಕಿರಲ್ಲ ಕಣಪ್ಪ.” ಎಲ್ಲರೂ ನಕ್ಕರು. ಹತ್ತು ನಿಮಿಷಕ್ಕೆ ಒಪ್ಪಂದವಾಯಿತು. ಬೆಂಗಳೂರಿನ ಯಾವ ಕಂಪೆನಿಯಲ್ಲೂ ಇಷ್ಟು ಚೆನ್ನಾದ ಮೀಟಿಂಗ್ ನೋಡಿಲ್ಲ ಎಂದು ಹುಡುಗ ಆಮೇಲೆ ಹೇಳಿದ.

ಆ ಅಕ್ಕ ಸಭೆಗೆ ಬಂದಿರಲಿಲ್ಲ. ಹಣದಲ್ಲಿ ಒಂಬತ್ತು ಸಾವಿರ ಮೋಟಾರಿಗೆ ಹೋಯಿತೆಂದು ಪಕ್ಕದ ಮನೆಯವರಿಂದ ತಿಳಿಯಿತು. ಉಳಿದದ್ದಕ್ಕೆ ಕೈ ಹಾಕಬಾರದೆಂದು ಮಗಳೇ ಅಪ್ಪನೆದುರು ನಿಂತಳಂತೆ. ಗಂಡ ಹೊಡೆಯಲಿಲ್ಲ, ಆದರೆ ವಾರವಿಡೀ ಮಾತು ಬಿಟ್ಟ. “ನನ್ನಿಂದ ಮುಚ್ಚಿಟ್ಟೆಯಲ್ಲ” ಎಂಬುದು ಅವನ ನೋವು. ಮುಚ್ಚಿಡದಿದ್ದರೆ ಉಳಿಯುತ್ತಿತ್ತೇ ಎಂಬುದು ಆಕೆಯ ಪ್ರಶ್ನೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಹುಡುಗ ತಿದ್ದಿದ್ದೆಲ್ಲ ಮುಂದಿನದಕ್ಕೆ. ಒಮ್ಮೆ ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಯಾರ ಕಣ್ಣಿಂದಲೂ ಹಿಂದಕ್ಕೆ ತೆಗೆಯುವ ಗುಂಡಿ ಇಲ್ಲ.

ಈ ಬರಹ ಓದುವವರ ಮನೆಗಳಲ್ಲೂ ಒಂದೇ ಫೋನನ್ನು ನಾಲ್ಕು ಜನ ಬಳಸುವವರಿದ್ದಾರೆ. ಸೈಬರ್ ಅಂಗಡಿಯಲ್ಲಿ ಕೂತು ಪರರ ಕಂಪ್ಯೂಟರಿನಲ್ಲಿ ಖಾತೆ ತೆರೆಯುವವರಿದ್ದಾರೆ. ಕೆಲಸ ಮುಗಿದಾಗ ಪುಟವನ್ನು ಬರಿದೆ ಮುಚ್ಚಿ ಏಳಬೇಡಿ. ಲಾಗೌಟ್ ಒತ್ತಿ, ಆಮೇಲೆ ಹಿಂದಿನ ಬಾಣವನ್ನು ಒಮ್ಮೆ ಒತ್ತಿ ನೋಡಿ. ಪುಟ ಮತ್ತೆ ಬಂದರೆ ಅಂಗಡಿಯವರನ್ನು ಕೇಳಿ ಬ್ರೌಸರಿನ ನೆನಪನ್ನು ಅಳಿಸಿಯೇ ಹೊರಡಿ. ‘ಪಾಸ್‌ವರ್ಡ್ ನೆನಪಿಡಲೇ?’ ಎಂದು ಅದು ಕೇಳಿದರೆ ಬೇಡ ಎನ್ನಿ. ಸಂಕೋಚ ಬೇಡ, ಇದು ಅನುಮಾನವಲ್ಲ. ಸಾಸಿವೆ ಡಬ್ಬಿಯ ಮುಚ್ಚಳ ತಿರುಗಿಸಿ ನೋಡುವಷ್ಟೇ ಸಹಜ.

ನಾವು ಹೊರಡುವ ಹಿಂದಿನ ದಿನ ಆ ಅಕ್ಕ ಕೋಣೆಗೆ ಬಂದರು. ಕೈಯಲ್ಲಿ ಐನೂರರ ಒಂದು ನೋಟಿತ್ತು. “ಈಗ ಮುಚ್ಚಳ ಸರಿಯಾಗೈತೇನಪ್ಪ?” ಎಂದು ಕೇಳಿದರು. ಹುಡುಗ ವಿವರಿಸಲು ಹೋಗಲಿಲ್ಲ. ಕುರ್ಚಿ ಎಳೆದುಕೊಟ್ಟು, “ನೀವೇ ನೋಡ್ರಿ ಅಕ್ಕಾ” ಎಂದ. ಅವರು ಒಳಗೆ ಹೋದರು, ಲೆಕ್ಕ ನೋಡಿದರು, ‘ಹೊರಗೆ’ ಒತ್ತಿದರು. ಹಿಂದಿನ ಬಾಣದ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆದು, ಒತ್ತಿದರು. ಸಂಖ್ಯೆ, ಪಾಸ್‌ವರ್ಡ್ ಕೇಳುವ ಪುಟ ಬಂತು. ಮತ್ತೆ ಒತ್ತಿದರು. ಮೂರನೆಯ ಸಲವೂ ಒತ್ತಿದರು. ಆಮೇಲೆ ಪಾಸ್‌ವರ್ಡ್ ಬದಲಾಯಿಸಬೇಕು ಎಂದರು. ಹೇಗೆಂದು ಅವನು ತೋರಿಸಿಕೊಟ್ಟ.

“ಸರಿ, ಈಗ ನೀನೂ ಆ ಕಡೆ ತಿರುಗಪ್ಪ” ಎಂದರು.

ಅವನು ಗೋಡೆಯ ಕಡೆ ತಿರುಗಿದ. ನಾವೂ ತಿರುಗಿದೆವು.